ಗೆಳೆಯ ಮನೆಯಲ್ಲೇ ಮಾಡಿದ ಬಿಯರ್: ಕುಡಿಯುವವರ ಕೈಪಿಡಿ

ಈ ಕೈಪಿಡಿ ಯಾರಿಗೆ? ಅಮೆರಿಕದ ಸನ್ನಿವೇಲ್, ಫ್ರೀಮಾಂಟ್ ಕಡೆ ಮನೆ ಮಾಡಿಕೊಂಡಿದ್ದು, "ಗುರು, ಶನಿವಾರ ಬಾ, ಒಂದು ಐಪಿಎ ಮಾಡಿದೀನಿ" ಎಂಬ ಫೋನಿಗೆ ಹೂಂ ಅಂದುಬಿಟ್ಟ ಕನ್ನಡಿಗರಿಗೆ. ಐಪಿಎ ಎಂದರೆ ಹಾಪ್ಸ್ ಎಂಬ ಹೂವನ್ನು ಧಾರಾಳವಾಗಿ ಹಾಕಿದ, ಕಹಿಯೂ ಘಮವೂ ಹೆಚ್ಚಿರುವ ಬಿಯರ್. ಹೊರಡುವ ಮೊದಲೇ ಪೂರ್ತಿ ಓದಿಕೊಳ್ಳಿ. ಅವನ ಗ್ಯಾರೇಜು ಹೊಕ್ಕ ಮೇಲೆ ಓದಲು ಪುರಸೊತ್ತು ಸಿಗುವುದಿಲ್ಲ.

ಮೊದಲು ಕಾನೂನು. ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅಮೆರಿಕದ ಕೇಂದ್ರ ಸರ್ಕಾರ ಒಪ್ಪಿದ್ದು 1978ರಲ್ಲಿ, ಜಿಮ್ಮಿ ಕಾರ್ಟರ್ ಸಹಿಯೊಂದಿಗೆ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್. ಆದರೆ ಮಾರುವಂತಿಲ್ಲ. ಒಂದು ಸಲ ಹಂಡೆ ಇಟ್ಟರೆ ಸಾಮಾನ್ಯವಾಗಿ 5 ಗ್ಯಾಲನ್ ಆಗುತ್ತದೆ. ಮಾರುವ ಹಾಗಿಲ್ಲ, ಚೆಲ್ಲಲು ಮನಸ್ಸು ಬರುವುದಿಲ್ಲ. ನಿಮ್ಮನ್ನು ಯಾಕೆ ಕರೆದ ಎಂಬುದು ಈಗ ಅರ್ಥವಾಗಿರಬೇಕು.

ಬೇಕಾಗುವ ಸಾಮಗ್ರಿ: ಎಣ್ಣೆಜಿಡ್ಡಿಲ್ಲದ ಒಂದು ಗಾಜಿನ ಲೋಟ. ಜಿಡ್ಡಿದ್ದರೆ ನೊರೆ ನಿಲ್ಲುವುದಿಲ್ಲ, ತಪ್ಪು ಬಿಯರಿನ ತಲೆಗೆ ಬರುತ್ತದೆ. ಫ್ರೀಜರಿನಲ್ಲಿಟ್ಟು ಹಿಮ ಹಿಡಿಸಿದ ಲೋಟ ಕೊಟ್ಟರೆ ನಯವಾಗಿ ಬೇಡ ಅನ್ನಿ. ಹಾಪ್ಸ್ ಘಮ ಏಳಬೇಕಾದರೆ ಬಿಯರ್ 7ರಿಂದ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಬಿಯರಿಗಿಂತ ಮುಂಚೆ ಕಾಂಗ್ರೆಸ್ ಕಡ್ಲೆಕಾಯಿ ಬಟ್ಟಲು ಮುಂದೆ ಬಂದರೆ ಎಚ್ಚರ! ಆ ಖಾರದ ಮೇಲೆ ಯಾವ ಬಿಯರಿನ ಯಾವ ದೋಷವೂ ತಿಳಿಯುವುದಿಲ್ಲ. ಇದು ಅವನಿಗೂ ಗೊತ್ತು.

ಮುಚ್ಚಳ ತೆಗೆಯುವಾಗ ಅವನ ಬೆನ್ನ ಹಿಂದೆ ನಿಲ್ಲಿ. ಯೀಸ್ಟ್ ತನ್ನ ಕೆಲಸ ಮುಗಿಸುವ ಮೊದಲೇ ಬಾಟಲಿಗೆ ತುಂಬಿದ್ದರೆ, ಅಥವಾ ನೊರೆಗೆಂದು ಹಾಕುವ ಸಕ್ಕರೆಯಲ್ಲಿ ಕೈ ಜಾರಿದ್ದರೆ, ಬೃಂದಾವನ ಗಾರ್ಡನ್ಸ್ ನೋಡಲು ಮೈಸೂರಿನ ತನಕ ಹೋಗಬೇಕಿಲ್ಲ.

ಈಗ ಮೂಗು. ಕುಡಿಯುವ ಆತುರ ಬೇಡ, ಮೊದಲ ಘಮ ಬಹಳ ಬೇಗ ಹಾರಿಹೋಗುತ್ತದೆ. ಹಾಪ್ಸನ್ನು ಒಂದು ಗಂಟೆ ಕುದಿಸಿದರೆ ಕಹಿ ಬಿಡುತ್ತದೆ, ಆದರೆ ಅದರ ಸುವಾಸನೆಯ ಎಣ್ಣೆ ಆವಿಯಾಗಿ ಹೋಗುತ್ತದೆ. ಘಮ ಉಳಿಯಬೇಕೆಂದರೆ ಒಲೆ ಆರಿಸಿದ ಮೇಲೆ, ಇಲ್ಲವೇ ಹುದುಗುವಾಗ ತಣ್ಣಗೆ ಹಾಕಬೇಕು. ಸಾರು ಇಳಿಸಿ ಕೊತ್ತಂಬರಿ ಉದುರಿಸಿದ ಹಾಗೆ. 1972ರಲ್ಲಿ ಹೊರಬಂದ ಕ್ಯಾಸ್ಕೇಡ್ ತಳಿ ಹಾಕಿದ್ದರೆ ಚಕ್ಕೋತದ ಸಿಪ್ಪೆಯ ವಾಸನೆ. ದೇವನಹಳ್ಳಿ ಚಕ್ಕೋತ ಸುಲಿದು ಕೈ ತೊಳೆಯದೆ ಮೂಗು ಉಜ್ಜಿಕೊಂಡವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಸಿಟ್ರಾ ಹಾಕಿದ್ದರೆ ಮಾವು, ಲಿಚಿ. ಕೆಲವು ತಳಿಗಳಲ್ಲಿ ಮಾವಿನ ತೊಟ್ಟು ಮುರಿದಾಗ ಬರುವ ಸೊನೆಯ ಘಾಟು. ಇನ್ನು ಕೆಲವದರಲ್ಲಿ ಈರುಳ್ಳಿ, ಬೆಳ್ಳುಳ್ಳಿ. ಆಗ ಅಡುಗೆಮನೆ ಕಡೆ ತಿರುಗಿ ನೋಡಬೇಡಿ, ಅದು ಲೋಟದಿಂದಲೇ ಬರುತ್ತಿದೆ.

ನಂತರ ಬಾಯಿ. ವೈನ್ ರುಚಿ ನೋಡುವವರ ಹಾಗೆ ಉಗುಳುವಂತಿಲ್ಲ, ನುಂಗಬೇಕು. ಒಳ್ಳೆಯ ಐಪಿಎಯ ಕಹಿ ಗಂಟಲಿಗಿಳಿದ ಮೇಲೂ ಇರುತ್ತದೆ, ಆದರೆ ಇನ್ನೊಂದು ಗುಟುಕು ಕೇಳುತ್ತದೆ. ನಾಲಿಗೆ ಕೆರೆಯುವ ಕಹಿಯಾದರೆ ಎಲ್ಲೋ ಅತಿಯಾಗಿದೆ ಎಂದರ್ಥ.

ದೋಷಗಳನ್ನು ಗುರುತಿಸುವ ಬಗೆ ಹೀಗೆ. ಒದ್ದೆ ರಟ್ಟಿನ ರುಚಿ ಬಂದರೆ, ಬಂಗಾರದ ಬಣ್ಣ ಕಂದಾಗಿ ಮಂಕಾಗಿದ್ದರೆ, ಗಾಳಿ ತಗುಲಿದೆ. ಹಾಪ್ಸ್ ಬಿಯರಿಗೆ ಗಾಳಿಯಷ್ಟು ದೊಡ್ಡ ವೈರಿ ಇಲ್ಲ. "ಆರು ತಿಂಗಳಿಂದ ನಿಂಗೇ ಅಂತ ಎತ್ತಿಟ್ಟಿದೀನಿ" ಎಂಬ ಮಾತು ಪ್ರೀತಿಯದೇ, ಆದರೆ ಐಪಿಎ ಎತ್ತಿಡುವ ವಸ್ತುವಲ್ಲ. ಬೆಣ್ಣೆಯ ವಾಸನೆ ಬಂದರೆ ಡೈಅಸಿಟೈಲ್. ಯೀಸ್ಟಿಗೆ ಅದನ್ನು ಅರಗಿಸಿಕೊಳ್ಳಲು ಸಮಯ ಕೊಟ್ಟಿಲ್ಲ. ದಾವಣಗೆರೆಯವರನ್ನು ಈ ಪರೀಕ್ಷೆಗೆ ಕೂರಿಸಬೇಡಿ, ಅವರು ಪೂರ್ತಿ ಅಂಕ ಕೊಡುತ್ತಾರೆ. ಗಾಯಕ್ಕೆ ಅಂಟಿಸುವ ಬ್ಯಾಂಡ್‌ಏಡ್ ವಾಸನೆ ಬಂದರೆ ನಲ್ಲಿನೀರಿನ ಕ್ಲೋರಿನ್ ಮೇಲೆ ಅನುಮಾನ ಪಡಿ. ಸ್ಕಂಕ್ ಎಂಬ ಪ್ರಾಣಿಯ ನಾತ ಬಂದರೆ ಬಾಟಲಿಯನ್ನು ಬಿಸಿಲಲ್ಲಿಟ್ಟಿದ್ದಾನೆ. ಬೆಳಕು ಬಿದ್ದಾಗ ಹಾಪ್ಸಿನ ಕಹಿಯಂಶವೇ ಒಡೆದು ಆ ನಾತವಾಗುತ್ತದೆ.

ಅಂಕಪಟ್ಟಿ. ಅಮೆರಿಕದ ಮನೆ-ಬಿಯರ್ ಸ್ಪರ್ಧೆಗಳಲ್ಲಿ ಬಿಜೆಸಿಪಿ (ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂ) ತೀರ್ಪುಗಾರರು 50ಕ್ಕೆ ಅಂಕ ಹಾಕುತ್ತಾರೆ: ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಕೂರುವ ಬಗೆಗೆ 5, ಒಟ್ಟಾರೆಗೆ 10. ನೋಟಕ್ಕೆ ಮೂರೇ ಎಂಬುದನ್ನು ಗಮನಿಸಿ. ಬಣ್ಣ ಹೊಗಳಿ ಪಾರಾಗುವ ದಾರಿ ಮುಚ್ಚಿದೆ. ಬಿಯರ್ ಎಷ್ಟೇ ಕೆಟ್ಟಿರಲಿ, 13ಕ್ಕಿಂತ ಕಡಿಮೆ ಕೊಡದಿರುವುದು ಅವರ ವಾಡಿಕೆ. ಅಷ್ಟು ದಾಕ್ಷಿಣ್ಯ ನಮಗೂ ಇರಲಿ.

ಅತ್ಯಂತ ಕಷ್ಟದ ಘಟ್ಟ ಮುಂದಿದೆ. ಅವನು ನಿಮ್ಮ ಮುಖವನ್ನೇ ನೋಡುತ್ತಾ "ಹೆಂಗಿದೆ?" ಅನ್ನುತ್ತಾನೆ. "ಚೆನ್ನಾಗಿದೆ" ಅನ್ನಬೇಡಿ. ವಾರಗಟ್ಟಲೆ ಬಿಯರ್ ಹುದುಗುವ ಡಬ್ಬಿಯನ್ನು ಕಾಯ್ದವನಿಗೆ ಆ ಮಾತಿನಿಂದ ಮೂರು ಕಾಸಿನ ಉಪಯೋಗವಿಲ್ಲ, ಮುಂದಿನ ತಿಂಗಳು ಅದೇ ರಟ್ಟನ್ನು ನೀವೇ ಮತ್ತೆ ಕುಡಿಯಬೇಕಾಗುತ್ತದೆ. ಸಿಕ್ಕ ಒಂದು ಒಳ್ಳೆಯದನ್ನು ಹೆಸರಿಟ್ಟು ಹೇಳಿ, ಒಂದು ದೋಷವನ್ನೂ ಹೆಸರಿಟ್ಟು ಹೇಳಿ: "ಚಕ್ಕೋತ ಸಖತ್ತಾಗಿ ಬಂದಿದೆ ಗುರು, ಹಿಂದೆ ಸ್ವಲ್ಪ ಬೆಣ್ಣೆ ಇದೆ, ಇನ್ನೆರಡು ದಿನ ಬಿಡಬೇಕಿತ್ತೇನೋ." ಅವನು ಮುಖ ಊದಿಸಿಕೊಳ್ಳಬಹುದು. ಆಮೇಲೆ ಡೈರಿ ತೆಗೆದು ತಾರೀಖು ನೋಡಿದರೆ ನಿಮ್ಮ ಕೆಲಸ ಸಾರ್ಥಕ.

ಮರಳುವಾಗ ಕಾರನ್ನು ಬೇರೆಯವರು ಓಡಿಸಲಿ. ಕೊಟ್ಟ ಬಾಟಲಿಗಳನ್ನು ಕಸಕ್ಕೆ ಹಾಕದೆ ತೊಳೆದು ಹಿಂತಿರುಗಿಸಿ. ಕಂದು ಬಣ್ಣದ, ತಿರುಗಿಸಿ ತೆಗೆಯುವ ಮುಚ್ಚಳವಿಲ್ಲದ ಬೇರೆ ಬಾಟಲಿಗಳು ನಿಮ್ಮ ಮನೆಯಲ್ಲಿದ್ದರೆ ಅವನ್ನೂ ಒಯ್ದು ಕೊಡಿ. ಅವನಿಗೆ ಬಾಟಲಿ ಯಾವಾಗಲೂ ಸಾಲುವುದಿಲ್ಲ.