‘ನಾನು ನೇತಾಡಿದರೆ ನಿರ್ಮಾಪಕ ಉಳೀತಾನೆ’

(ದಾವಣಗೆರೆಯ ಹಳೇ ಟಾಕೀಸೊಂದರ ಟಿಕೆಟ್ ಕೌಂಟರಿನ ಹಿಂದೆ, ಪೊರಕೆಗೂ ಫಿನಾಯಿಲ್ ಡಬ್ಬಿಗೂ ನಡುವೆ ಒರಗಿ ಕೂತಿರುವ ತಗಡಿನ ‘ಹೌಸ್ ಫುಲ್’ ಬೋರ್ಡಿಗೆ ಈಗ ಪುರುಸೊತ್ತೋ ಪುರುಸೊತ್ತು. ಹೊಸಬರೇ ಕೈಯಿಂದ ದುಡ್ಡು ಹಾಕಿ ಮಾಡಿದ ಕಾಲೇಜು ಪ್ರೇಮದ ನಗೆಚಿತ್ರವೊಂದು ತೆರೆಕಂಡ ಶುಕ್ರವಾರ ಅದು ಮಾತಿಗೆ ಸಿಕ್ಕಿತು.)

ಸಿನಿಮಾ ಹೇಗಿದೆ?

ನಾನೂ ನೋಡಿಲ್ರೀ, ಜನಾನೂ ನೋಡಿಲ್ಲ. ಬೆಳಗಿನ ಆಟಕ್ಕೆ 11 ಮಂದಿ. 7 ಮಂದಿ ಹೀರೋ ಕಡೆ ನೆಂಟರು, ಉಳಿದ 4 ಮಂದಿ ಎರಡು ಜೋಡಿ. ಅವರು ಬಂದಿದ್ದು ಎ.ಸಿ.ಗೆ, ಕೂತಿದ್ದು ಕೊನೇ ಸಾಲಿಗೆ. ಇಂಟರ್ವಲ್‌ನಲ್ಲಿ ಒಂದು ಜೋಡಿ ಜಗಳ ಆಡ್ಕೊಂಡು ಬೇರೆ ಬೇರೆ ಸಾಲಿಗೆ ಹೋದ್ರು. ಪಾಪ್‌ಕಾರ್ನ್ ಯಾರ ಹತ್ರ ಉಳೀಬೇಕು ಅಂತ ಮತ್ತೆ ಸೇರಿದ್ರು. ನೆಂಟರು ತೆರೆ ಬಿಟ್ಟು ಅದನ್ನೇ ನೋಡಿದ್ರಂತೆ.

ಚಿತ್ರತಂಡ ಕಾಲೇಜುಗಳಿಗೆ ಹೋಗಿ ಪ್ರಚಾರ ಮಾಡಿತ್ತಲ್ಲ?

ನಮ್ಮೂರಲ್ಲಿ ಕಾಲೇಜಿಗೇನು ಬರವೇ? 1951ರ ಯುಬಿಡಿಟಿ, 1965ರ ಜೆಜೆಎಂ ಮೆಡಿಕಲ್, 1979ರ ಬಿಐಇಟಿ. ಹತ್ತಿ ಮಿಲ್ಲುಗಳ ಸೈರನ್ ನಿಂತ ಊರು ಕಾಲೇಜು ಬೆಲ್ಲಿಗೆ ಎದ್ದು ಓಡಾಡ್ತೈತೆ. ಹೀರೋ ವೇದಿಕೆ ಹತ್ತಿ ಕುಣಿದ. ಹುಡುಗ್ರು ಶಿಳ್ಳೆ ಹಾಕಿದ್ರು, ಸೆಲ್ಫಿ ತಗೊಂಡ್ರು, ಕೊನೆಗೆ ‘ಅಣ್ಣಾ, ಪಾಸ್ ಇದಾವಾ?’ ಅಂದ್ರು.

ಚಿತ್ರೀಕರಣವೆಲ್ಲ ಇಲ್ಲೇ ನಡೆದಿದೆಯಂತೆ?

ಗಾಜಿನ ಮನೇಲಿ ಹಾಡು, ಬೆಣ್ಣೆದೋಸೆ ಮುಂದೆ ಪ್ರಪೋಸು, ಹರಿಹರದ ಹೊಳೆ ದಂಡೇಲಿ ಬ್ರೇಕಪ್ಪು. ತುಂಗಭದ್ರೆ ಕಂಡ್ರೆ ಅಳಲೇಬೇಕು ಅಂತ ಯಾರು ಕಟ್ಟಳೆ ಮಾಡಿದ್ರೋ! ಹೀರೋ ಬಾಯಲ್ಲಿ ಒಂದು ‘ಲೇ’ ಇಲ್ಲ, ಮಂಡಕ್ಕಿ-ಮಿರ್ಚಿ ತಿಂದ ಗುರುತಿಲ್ಲ. ಹರಿಹರದಿಂದ 14 ಕಿಲೋಮೀಟರು ಬಸ್ಸಲ್ಲಿ ನಿಂತು ಬರೋ ಹುಡುಗಿಗೆ ಪ್ರೀತಿಗಿಂತ ಮೊದಲು ಸೀಟು ಬೇಕ್ರೀ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಲ್ಲಿ ಹೆಣ್ಮಕ್ಕಳಿಗೆ ಚಾರ್ಜಿಲ್ಲ. ‘ನಿಮ್ ಟಿಕೆಟ್ ನಾನೇ ತಗೊಂಡೆ’ ಅಂತ ಮಾತು ಶುರು ಮಾಡೋ ನೆಪಾನೂ ಹುಡುಗನ ಕೈ ಬಿಟ್ಟು ಹೋಯ್ತು. ಈಗವನು ಏನು ಮಾಡ್ತಾನೆ? ಇದು ಕಥೆ! ಇವರ ಹೀರೋ ಬುಲೆಟ್ಟಲ್ಲಿ ಬರ್ತಾನೆ.

ಪ್ರೇಮ, ಹಾಸ್ಯ ಎರಡನ್ನೂ ಬೆರೆಸೋದು ಕಷ್ಟ ಅಲ್ಲವೇ?

ಹರಿಹರೇಶ್ವರನ್ನ ಹೋಗಿ ನೋಡ್ರಿ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ. ಒಂದೇ ಮೈಯಲ್ಲಿ ಅರ್ಧ ಹರಿ, ಅರ್ಧ ಹರ. ಇವರದ್ರಲ್ಲಿ ಹೀರೋ ಬರೀ ಪ್ರೀತಿಸ್ತಾನೆ, ದಪ್ಪ ಗೆಳೆಯ ಬರೀ ನಗಿಸ್ತಾನೆ. ಗುತ್ತಿಗೆ ಹಂಚ್ಕೊಂಡಂಗೆ! ಪ್ರೀತಿಸೋನೇ ನಗೆಪಾಟಲಾಗ್ಬೇಕು, ಆಗಲೇ ಅದು ಕಾಲೇಜು.

ಹಾಗಾದರೆ ಹೊಸಬರು ಗೆಲ್ಲುವುದೇ ಇಲ್ಲವೇ?

ಯಾಕಿಲ್ಲ? 2013ರಲ್ಲಿ ಪವನ್ ಕುಮಾರ್ ಜನರ ಹತ್ರಾನೇ ದುಡ್ಡೆತ್ತಿ ‘ಲೂಸಿಯಾ’ ಮಾಡಿದ್ರು. ಸಿನಿಮಾ ಬರೋಕೆ ಮೊದಲೇ ಪ್ರೇಕ್ಷಕರು ಜೇಬಿಗೆ ಕೈ ಹಾಕಿದ್ದ ಕಾಲ ಅದು. 2016ರ ಡಿಸೆಂಬರ್ 30ಕ್ಕೆ ‘ಕಿರಿಕ್ ಪಾರ್ಟಿ’ ಬಂತು. ರಕ್ಷಿತ್ ಶೆಟ್ಟಿ ಕಥೆ, ರಿಷಬ್ ಶೆಟ್ಟಿ ನಿರ್ದೇಶನ, ಹಾಸನದ ಇಂಜಿನಿಯರಿಂಗ್ ಕಾಲೇಜು. ಹಾಸ್ಟೆಲಿನ ಹುಡುಗ್ರು ತಮ್ಮದೇ ಪೋಲಿತನ ತೆರೆ ಮೇಲೆ ಕಂಡು ಸಾಲುಗಟ್ಟಿದ್ರು. ನನ್ನ ಮೊಳೆ ಸಡ್ಲಾಗೋಷ್ಟು ಕೆಲಸ!

ಈಗಿನ ಮಂದಿ ಮೊಬೈಲಿನಲ್ಲೇ ನೋಡುತ್ತಾರಲ್ಲ?

2020ರ ಜನವರಿ 31ಕ್ಕೆ ‘ಲವ್ ಮಾಕ್ಟೇಲ್’, ಫೆಬ್ರವರಿ 7ಕ್ಕೆ ‘ದಿಯಾ’. ಮಾರ್ಚಲ್ಲಿ ಲಾಕ್‌ಡೌನು. ಮನೇಲಿ ಹೊದ್ದುಕೊಂಡು ನೋಡಿದವರೆಲ್ಲ ‘ಛೇ, ಟಾಕೀಸಲ್ಲಿ ನೋಡ್ಬೇಕಿತ್ತು’ ಅಂತ ಅತ್ತರು. ಆ ಕಣ್ಣೀರು ನಿಜಾನೇ. ಆದ್ರೆ ಕಣ್ಣೀರಿಗೆ ನಮ್ಮ ಕೌಂಟರಲ್ಲಿ ಟಿಕೆಟ್ ಹರಿಯಲ್ಲ. ಹೊಸಬರ ಸಿನಿಮಾಕ್ಕೆ ಸಿಗೋದು ಒಂದು ಶುಕ್ರವಾರ, ಒಂದು ಶನಿವಾರ, ಒಂದು ಭಾನುವಾರ. ಸೋಮವಾರ ಬೆಳಗ್ಗೆ ಪೋಸ್ಟರ್ ಮೇಲೆ ಇನ್ನೊಂದು ಪೋಸ್ಟರ್. ‘ಚೆನ್ನಾಗಿದೆಯಂತೆ’ ಅನ್ನೋ ಮಾತು ಪಿ.ಬಿ. ರೋಡ್ ದಾಟಿ ಬರೋಷ್ಟರಲ್ಲಿ ಸಿನಿಮಾನೇ ಊರು ಬಿಟ್ಟಿರ್ತೈತೆ.

ತಪ್ಪು ಯಾರದು?

ಅವರು ಊರು ತೋರಿಸಿದ್ರು, ಊರಿನವರನ್ನ ತೋರಿಸ್ಲಿಲ್ಲ. ಊರಿನವರು ಶಿಳ್ಳೆ ಕೊಟ್ರು, ಕಾಸು ಕೊಡ್ಲಿಲ್ಲ. ಲೆಕ್ಕ ಸರಿಹೋಯ್ತು, ಸಿನಿಮಾ ಹೋಯ್ತು.

ಕೊನೆಯದಾಗಿ, ಕನ್ನಡ ಚಿತ್ರಪ್ರೇಮಿಗಳಿಗೆ ನಿಮ್ಮ ಸಂದೇಶ?

‘ಹೊಸಬರನ್ನ ಬೆಳೆಸಿ’ ಅಂತ ಸ್ಟೇಟಸ್ ಹಾಕೋದು ಬಿಡ್ರಿ. ಬನ್ನಿ, ನೋಡಿ, ಹಿಡಿಸದಿದ್ರೆ ಬೈಯಿರಿ. ಟಿಕೆಟ್ ತಗೊಂಡೋರು ಬೈದ್ರೆ ನಿರ್ಮಾಪಕನಿಗೆ ಅದೂ ಆಶೀರ್ವಾದ.

ತುಂಬಾ ಒಳ್ಳೆಯ ಮಾತು. ಅಂದಹಾಗೆ, ಸಂಜೆ ಆಟಕ್ಕೆ ಪತ್ರಿಕೆಯವರಿಗೆ ಎರಡು ಪಾಸ್...

ಕೌಂಟರ್ ಆ ಕಡೆ ಐತೆ. ಚಿಲ್ಲರೆ ಹಿಡ್ಕೊಂಡು ಹೋಗ್ರಿ.