ರಾಕೆಟ್ಟಿಗೆ ಜಾತಿ ಪ್ರಮಾಣಪತ್ರ

ವಿಂಗಡಿಸುವುದು ನನ್ನ ಹುಟ್ಟುಗುಣ. ಮನೆಯಲ್ಲಿ ಸ್ಕ್ರೂಗಳಿಗೇ ಏಳು ಡಬ್ಬಿ ಇಟ್ಟಿದ್ದೇನೆ. ಬೇಕಾದ ಸ್ಕ್ರೂ ಮಾತ್ರ ಯಾವಾಗಲೂ ಸೋಫಾದ ಕೆಳಗೆ ಸಿಗುತ್ತದೆ. ಈ ಅರ್ಹತೆಯ ಮೇಲೆ, ಯಾರು ಬೇಕಾದರೂ ಮಾಹಿತಿ ತುಂಬಬಹುದಾದ ಒಂದು ಜ್ಞಾನಕೋಶದಲ್ಲಿ ರಾಕೆಟ್ ಹಂತಗಳನ್ನು ವರ್ಗೀಕರಿಸುವ ಹುದ್ದೆಗೆ ನನ್ನನ್ನು ನಾನೇ ನೇಮಿಸಿಕೊಂಡೆ. ಬೇರೆ ಅಭ್ಯರ್ಥಿಗಳು ಇರಲಿಲ್ಲ.

ಸೂತ್ರ ಸರಳವಾಗಿತ್ತು: ಮೊದಲು ಉರಿಯುವುದು ಮೊದಲ ಹಂತ, ಅದು ಕಳಚಿದ ಮೇಲೆ ಉರಿಯುವುದು ಎರಡನೆಯದು. ಇಷ್ಟು ಬರೆದು, ಜಾತಿ ಪ್ರಮಾಣಪತ್ರಕ್ಕೆ ಸಹಿ ಹಾಕುವ ತಹಶೀಲ್ದಾರರ ಗತ್ತಿನಲ್ಲಿ ಕುರ್ಚಿಗೊರಗಿದೆ.

ಮೊದಲ ಅರ್ಜಿದಾರ ರಷ್ಯಾದ ಸೊಯುಜ್. ಅದರ ನಾಲ್ಕು ಪಕ್ಕದ ಬೂಸ್ಟರ್‌ಗಳೂ ನಡುವಿನ ಭಾಗವೂ ನೆಲದ ಮೇಲೇ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಆದರೂ ರಷ್ಯನ್ನರ ಲೆಕ್ಕದಲ್ಲಿ ಬೂಸ್ಟರ್‌ಗಳು ಮೊದಲ ಹಂತ, ನಡುವಿನದು ಎರಡನೆಯದು. ಆಮೇಲೆ ಬಂದದ್ದು 1962ರಲ್ಲಿ ಜಾನ್ ಗ್ಲೆನ್‌ರನ್ನು ಹೊತ್ತು ಹಾರಿದ ಅಮೆರಿಕದ ಅಟ್ಲಾಸ್. ಮೂರು ಎಂಜಿನ್‌ಗಳಲ್ಲಿ ಎರಡನ್ನು ದಾರಿಯಲ್ಲಿ ಉದುರಿಸಿ, ಟ್ಯಾಂಕನ್ನು ಮಾತ್ರ ಬಿಡದೆ ಸಾಗುವ ಅದಕ್ಕೆ ‘ಒಂದೂವರೆ ಹಂತ’ದ ರಾಕೆಟ್ ಎಂದೇ ಹೆಸರು. ನನ್ನ ಕಾಲಂನಲ್ಲಿ ಪೂರ್ಣಾಂಕಕ್ಕೆ ಮಾತ್ರ ಜಾಗ. ಉಳಿದ ಅರ್ಧವನ್ನು ಎಲ್ಲಿಡುವುದೆಂದು ಊಟ ಬಿಟ್ಟು ಯೋಚಿಸಿದೆ.

ಪರದೇಶಿಗಳ ಸಹವಾಸ ಸಾಕೆಂದು ಇಸ್ರೋ ಕಡೆ ತಿರುಗಿದೆ. ಜಿಎಸ್‌ಎಲ್‌ವಿಯಲ್ಲಿ ನಡುವಿನ ಘನ ಇಂಧನದ ಹಂತ ಸುಮಾರು 100 ಸೆಕೆಂಡಿಗೆ ಉರಿದು ಮುಗಿಯುತ್ತದೆ. ಸುತ್ತಲಿನ ನಾಲ್ಕು ದ್ರವ ಇಂಧನದ ಬೂಸ್ಟರ್‌ಗಳು ಸುಮಾರು 150 ಸೆಕೆಂಡಿನವರೆಗೂ ಅದನ್ನು ಹೊತ್ತೇ ಸಾಗುತ್ತವೆ. ಚಂದ್ರಯಾನ-3 ಅನ್ನು 2023ರಲ್ಲಿ ಕಳಿಸಿಕೊಟ್ಟ ಎಲ್‌ವಿಎಂ-3ರಲ್ಲಿ ಇದಕ್ಕೆ ತದ್ವಿರುದ್ಧ: ಪಕ್ಕದ ಎರಡು ಘನ ಬೂಸ್ಟರ್‌ಗಳಷ್ಟೇ ರಾಕೆಟ್ಟನ್ನು ನೆಲದಿಂದ ಎತ್ತುತ್ತವೆ, ನಡುವಿನ ದ್ರವ ಹಂತ ಎರಡು ನಿಮಿಷ ಆಗುತ್ತ ಬಂದಾಗ ಕಣ್ಣು ಬಿಡುತ್ತದೆ. ಇನ್ನು ಪಿಎಸ್‌ಎಲ್‌ವಿಯ ನಾಲ್ಕನೆಯ ಹಂತ! ಉಪಗ್ರಹಗಳನ್ನು ಇಳಿಸಿದ ಮೇಲೆ ತೆಪ್ಪಗೆ ಕಸವಾಗುವುದು ಬಿಟ್ಟು, 2022ರಿಂದೀಚೆಗೆ ಕೆಲವು ಉಡಾವಣೆಗಳಲ್ಲಿ ‘ಪೋಯೆಮ್’ ಎಂಬ ಹೆಸರಿಟ್ಟುಕೊಂಡು, ಪ್ರಯೋಗಗಳನ್ನು ಹೊತ್ತು ತಾನೇ ಕಕ್ಷೆಯಲ್ಲಿ ಸುತ್ತುತ್ತದೆ. ಇದು ಹಂತವೋ, ಉಪಗ್ರಹವೋ? ನಾನು ಎರಡಕ್ಕೂ ಗುರುತು ಹಾಕಿದೆ. ‘ಉಪಗ್ರಹವನ್ನು ಒಯ್ಯುವ ಉಪಗ್ರಹ’ ಎಂದು ಕೋಶದ ತಪ್ಪು ಹಿಡಿಯುವ ಯಂತ್ರ ಕೆಂಪಕ್ಷರದಲ್ಲಿ ಆಕ್ಷೇಪ ಎತ್ತಿತು.

ರಾತ್ರಿ ಹನ್ನೆರಡಕ್ಕೆ ಸಮಾನತೆಯ ತತ್ವ ಜಾರಿಗೆ ತಂದೆ: ಉರಿಯುವುದೆಲ್ಲ ಹಂತವೇ, ಬೂಸ್ಟರ್ ಎಂಬ ಭೇದವಿಲ್ಲ. ಆಕ್ಷೇಪಗಳೆಲ್ಲ ಮಾಯ. ಖುಷಿಯಿಂದ, ಅತಿ ಹೆಚ್ಚು ಹಂತಗಳ ರಾಕೆಟ್ ಯಾವುದೆಂದು ಕೋಶವನ್ನೇ ಕೇಳಿದೆ. ನಾಲ್ಕು ಹಂತ, ಆರು ಬೂಸ್ಟರ್ ಕೂಡಿಸಿ ಪಿಎಸ್‌ಎಲ್‌ವಿ-ಎಕ್ಸ್‌ಎಲ್‌ಗೆ ಹತ್ತು! ಚಂದ್ರನಿಗೆ ಮನುಷ್ಯರನ್ನು ಕಳಿಸಿದ ಸ್ಯಾಟರ್ನ್-5ಕ್ಕೆ ಬರೀ ಮೂರು. ಅಳಿಸಲು ಹೋದ ಬೆರಳಿಗೆ ದೇಶಾಭಿಮಾನ ಅಡ್ಡ ಬಂತು.

ನೀರು ಕುಡಿಯಲು ಎದ್ದ ಮಗಳು ಪರದೆ ನೋಡಿ, “ಇಸ್ರೋದವರು ನಾಲ್ಕೇ ಅಂತಾರಲ್ಲಪ್ಪಾ?” ಎಂದಳು.

“ಅವರದು ವಿನಯ ಕಣಮ್ಮ” ಎಂದೆ.