ಸುಮ್ಮನಿರುವಾಗಿನ ಕರೆಂಟು

ಎಪ್ಪತ್ತರ ದಶಕದ ಕೊನೆಯಲ್ಲಿ ಕೊಲ್ಲಿಗೆ ದುಡಿಯಲು ಹೋದವರು ರಜಕ್ಕೆ ಬರುವಾಗ ಸೆಂಟು, ನೈಲಾನ್ ಸೀರೆ, ಟಾರ್ಚು ತರುತ್ತಿದ್ದರು. ಎದೆಗಾರಿಕೆ ಇದ್ದವರು ಸ್ಟೀರಿಯೋ ರಿಸೀವರ್ ತರುತ್ತಿದ್ದರು. ಕುಣಿಗಲ್‌ನ ನಮ್ಮ ದೊಡ್ಡಪ್ಪನಿಗೆ ಎದೆಗಾರಿಕೆ ಕೊಂಚ ಜಾಸ್ತಿಯೇ. ಬೆಳ್ಳಿಯ ಮುಖ, ಮರದ ಮೈ, ಹಚ್ಚಿದರೆ ನೀಲಿ ಬೆಳಕು ಚೆಲ್ಲುವ ಡಯಲು, ಒಬ್ಬರೇ ಎತ್ತಿದರೆ ಸೊಂಟ ಹಿಡಿಯುವ ತೂಕ. ಜಪಾನಿನ ಸರಕು. ಕಂಪೆನಿಯ ಹೆಸರು ಬೇಡ ಬಿಡಿ. ನಲವತ್ತು ವರ್ಷಕ್ಕೂ ಮೇಲೆ ದುಡಿದು ಸುಸ್ತಾದದ್ದಕ್ಕೆ ಮಾಡಿದವರನ್ನು ಬಯ್ಯುವುದು ನ್ಯಾಯವಲ್ಲ.

ಜಪಾನಿನವರು ಆಗ ತಮ್ಮ ಮನೆಗೆಂದು ಮಾಡಿಕೊಂಡ ರಿಸೀವರುಗಳಲ್ಲಿ ಎಫ್‌ಎಂ ಪಟ್ಟಿ 76ರಿಂದ 90ರವರೆಗೆ ಮಾತ್ರ, ಕರೆಂಟೂ 100 ವೋಲ್ಟಿನದು. ದೊಡ್ಡಪ್ಪ ತಂದದ್ದು ಹೊರದೇಶಕ್ಕೆಂದೇ ಮಾಡಿದ್ದು: 88ರಿಂದ 108, ಬೆನ್ನಲ್ಲಿ ವೋಲ್ಟೇಜ್ ಬದಲಿಸುವ ಗುಂಡಿ. ಆದರೆ ಆಗ ಕುಣಿಗಲ್‌ನಲ್ಲಿ ಎಫ್‌ಎಂ ಎಲ್ಲಿತ್ತು? ಮುಳ್ಳು ಆ ತುದಿಯಿಂದ ಈ ತುದಿಗೆ ಹೋದರೂ ಬರೀ 'ಶ್ಶ್'. ಕೊನೆಗೆ ಮೀಡಿಯಂ ವೇವ್ 612ರ ಬೆಂಗಳೂರು ಆಕಾಶವಾಣಿಯೇ ಗತಿ. "ನಾವು ವಾರ್ತೆ ಕೇಳೋದು ಸ್ಟೀರಿಯೋದಲ್ಲಿ" ಎಂದು ದೊಡ್ಡಮ್ಮ ನೆಂಟರ ಮುಂದೆ ಹೇಳುತ್ತಿದ್ದಳು. ಎರಡು ಸ್ಪೀಕರಿನಲ್ಲೂ ಅದೇ ವಾರ್ತೆ ಬರುತ್ತಿತ್ತೆಂಬುದು ಬೇರೆ ಮಾತು.

ಆ ಆಸ್ತಿ ಈಗ ಪಾಲಾಗಿ ತುಮಕೂರಿಗೆ, ನನ್ನ ಮನೆಗೆ ಬಂದಿದೆ. ಜಮೀನು ಬೇರೆಯವರ ಪಾಲಿಗೆ ಹೋಯಿತು, ರಿಸೀವರ್ ನನ್ನ ಪಾಲಿಗೆ. ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೊಂದು ಲಗೇಜ್ ಟಿಕೆಟ್ ಹರಿದು, "ಇದು ಹಾಡುತ್ತಾ?" ಎಂದು ಕೇಳಿದರು. ಹಾಡುತ್ತಿತ್ತು, ಒಂಥರಾ. ಜೋರಾಗಿಟ್ಟರೆ ಎಲ್ಲ ಸರಿ. ರಾತ್ರಿ ಮೆಲ್ಲಗಿಟ್ಟರೆ ಬಲಗಡೆಯ ಕೊಳಲು ಹರಕು ಹರಕು. ಎಡಗಡೆ ಸ್ವರ ಚೊಕ್ಕ, ಆದರೆ ಅತ್ತ ಕಡೆಯ ಹೀಟ್‌ಸಿಂಕಿನ ಮೇಲೆ ಕೈ ಇಡುವ ಹಾಗಿಲ್ಲ. ಹಾಡು ನಿಲ್ಲಿಸಿ ವಾಲ್ಯೂಮು ಸೊನ್ನೆ ಮಾಡಿದರೂ ಕಾವು ಏರುತ್ತಲೇ ಇತ್ತು.

ನಮ್ಮಲ್ಲಿ ಜ್ವರಕ್ಕೂ ಆಂಪ್ಲಿಫೈಯರಿಗೂ ಸಲಹೆಗೆ ಬರವಿಲ್ಲ. ಒಬ್ಬರು ಪಕ್ಕದಲ್ಲೊಂದು ಟೇಬಲ್ ಫ್ಯಾನ್ ಇಡಿ ಎಂದರು. ಇನ್ನೊಬ್ಬರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ 3055 ತಂದು ಹಾಕಿಸಿ ಎಂದರು. 2ಎನ್3055 ಎಂಬ ಟ್ರಾನ್ಸಿಸ್ಟರ್ ಬಂದದ್ದು ಅರವತ್ತರ ದಶಕದಲ್ಲಿ. ಅಂದಿನಿಂದ ಇಂದಿನವರೆಗೂ ಯಾವ ಆಂಪ್ಲಿಫೈಯರಿನ ಯಾವ ಕಾಯಿಲೆಗೂ ನಮ್ಮವರ ಮದ್ದು ಅದೊಂದೇ.

ನಾನು ಹೋದದ್ದು ಗುಬ್ಬಿಗೆ. ಅಲ್ಲೊಬ್ಬ ಹಿರಿಯರಿದ್ದಾರೆ. ತುಮಕೂರಿನ ಎಚ್‌ಎಂಟಿ ಗಡಿಯಾರದ ಕಾರ್ಖಾನೆಯಲ್ಲಿದ್ದವರು; 2016ರಲ್ಲಿ ಅದು ಮುಚ್ಚುವುದಕ್ಕೆ ಎಷ್ಟೋ ಮೊದಲೇ ವಿಆರ್‌ಎಸ್ ತೆಗೆದುಕೊಂಡು ಊರಿಗೆ ಬಂದು, ಹಳೇ ರೇಡಿಯೋಗಳನ್ನು ಹರವಿಕೊಂಡು ಕೂತವರು. ಮುಚ್ಚಳ ಬಿಚ್ಚಿ ಒಳಗೆ ಇಣುಕಿ, "ಬಯಾಸ್" ಎಂದರು. ಅಷ್ಟೇ. ಮಿಕ್ಕದ್ದನ್ನು ನಾನು ಕಾಫಿ ತರಿಸಿ ಹೇಳಿಸಬೇಕಾಯಿತು.

ಗುಬ್ಬಿಯವರಾದ್ದರಿಂದ ವಿವರಣೆಯೂ ನಾಟಕದ್ದೇ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪೆನಿ, 'ಸದಾರಮೆ'ಯ ಕಳ್ಳನಾಗಿ ಗುಬ್ಬಿ ವೀರಣ್ಣನವರು ಸಭೆಯನ್ನು ನಗಿಸಿದ್ದು, 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದದ್ದು, ಎಲ್ಲ ಒಂದು ಸುತ್ತು ಬಂದ ಮೇಲೆ ವಿಷಯಕ್ಕೆ ಇಳಿದರು. "ನೋಡಿ, ಔಟ್‌ಪುಟ್ಟಿನಲ್ಲಿ ಒಂದೊಂದು ಕಡೆಗೂ ಇಬ್ಬರು ಪಾತ್ರಧಾರಿಗಳು. ಅಲೆಯ ಮೇಲಿನ ಅರ್ಧ ಒಬ್ಬನದು, ಕೆಳಗಿನರ್ಧ ಇನ್ನೊಬ್ಬನದು. ಇವನ ಮಾತು ಮುಗಿದ ಮೇಲೆ ಅವನು ಎದ್ದು ಮೀಸೆ ಅಂಟಿಸಿಕೊಳ್ಳೋಕೆ ಹೊರಟರೆ ಸಭೆಗೆ ಗೊತ್ತಾಗಲ್ವಾ? ಮೀಸೆ ಅಂಟಿಸಿಕೊಂಡು ಸೈಡ್‌ವಿಂಗಲ್ಲಿ ನಿಂತಿರಬೇಕು. ಹಾಗಂತ ನಿಂತಲ್ಲೇ ಗದೆ ತಿರುಗಿಸ್ತಾ ಇದ್ದರೆ ರಂಗಕ್ಕೆ ಬರೋ ಹೊತ್ತಿಗೆ ಬೆವೆತು ಬಿದ್ದಿರ್ತಾನೆ. ನಿಮ್ಮ ಬಲಗಡೆಯವರಿಗೆ ಮೀಸೆ ಇಲ್ಲ, ಎಡಗಡೆಯವರು ಗದೆ ಇಳಿಸ್ತಿಲ್ಲ."

ಸಿಲಿಕಾನ್ ಟ್ರಾನ್ಸಿಸ್ಟರ್ ಕಣ್ಣು ಬಿಡಲು ಸುಮಾರು 0.6 ವೋಲ್ಟ್ ಬೇಕು. ಅದನ್ನು ಮೊದಲೇ ಕೊಟ್ಟು, ಹಾಡಿಲ್ಲದಾಗಲೂ ಚೂರು ಕರೆಂಟು ಹರಿಯುವಂತೆ ಇಡುವುದೇ ಬಯಾಸ್. ಎಷ್ಟು ಚೂರು? ಔಟ್‌ಪುಟ್ ಟ್ರಾನ್ಸಿಸ್ಟರಿನ ಎಮಿಟರಿನಲ್ಲಿ 0.47 ಓಮಿನ ಒಂದು ಬಿಳಿ ರೆಸಿಸ್ಟರ್ ಇರುತ್ತದೆ. ಅದರ ಎರಡು ತುದಿಗೆ ಮೀಟರಿನ ಕಡ್ಡಿ ಇಟ್ಟರೆ 10 ಮಿಲಿವೋಲ್ಟ್ ತೋರಿಸಬೇಕು ಎಂದು ಈ ಸೆಟ್ಟಿನ ಮ್ಯಾನುಯಲ್ ಹೇಳುತ್ತದೆ. ಅಂದರೆ ಸುಮಾರು 21 ಮಿಲಿಆಂಪ್. ಸ್ಪೀಕರ್ ಬಿಚ್ಚಿ, ವಾಲ್ಯೂಮು ಸೊನ್ನೆಗಿಟ್ಟು ನೋಡಿದರೆ ಬಲಗಡೆ ಒಂದು ಮಿಲಿವೋಲ್ಟೂ ಇಲ್ಲ. ಎಡಗಡೆ 18, 24, 31, ಕಣ್ಣೆದುರೇ ಏರುತ್ತಿದೆ.

ಗಡಿಯಾರದ ಕೈ. ಪುಟ್ಟ ಸ್ಕ್ರೂಡ್ರೈವರಿನಲ್ಲಿ ಪ್ರಿಸೆಟ್ಟನ್ನು, ಅಂದರೆ ಬಯಾಸ್ ಹೊಂದಿಸುವ ತಿರುಪನ್ನು, ಕೂದಲೆಳೆಯಷ್ಟು ಸವರಿದರು; ಎಡಗಡೆ 10ಕ್ಕೆ ಬಂದು ನಿಂತಿತು. ನಾನು ಏಳಲು ಹೊರಟೆ. "ಕೂತ್ಕೊಳ್ಳಿ" ಎಂದರು. ಅರ್ಧ ಗಂಟೆಯಲ್ಲಿ ಅದು ಮತ್ತೆ 25. ಟ್ರಾನ್ಸಿಸ್ಟರ್ ಒಂದೊಂದು ಡಿಗ್ರಿ ಬಿಸಿಯಾದಾಗಲೂ ಅದಕ್ಕೆ ಬೇಕಾದ ವೋಲ್ಟೇಜು ಎರಡು ಮಿಲಿವೋಲ್ಟಿನಷ್ಟು ಇಳಿಯುತ್ತದೆ. ಬಯಾಸ್ ಇದ್ದಲ್ಲೇ ಇದ್ದರೆ ಕರೆಂಟು ಹೆಚ್ಚುತ್ತದೆ, ಕರೆಂಟಿನಿಂದ ಕಾವು, ಕಾವಿನಿಂದ ಮತ್ತೆ ಕರೆಂಟು. ಇದನ್ನು ತಡೆಯಲೆಂದೇ ಹೀಟ್‌ಸಿಂಕಿಗೆ ಒತ್ತಿದಂತೆ ಒಂದು ಚಿಕ್ಕ ಟ್ರಾನ್ಸಿಸ್ಟರ್ ಕೂರಿಸಿರುತ್ತಾರೆ. ಕಾವು ತಟ್ಟಿದೊಡನೆ ಅದು ಬಯಾಸ್ ತಗ್ಗಿಸಬೇಕು. ನಮ್ಮದರಲ್ಲಿ ಕ್ಲಿಪ್ಪು ಸಡಿಲವಾಗಿ, ನಡುವಿನ ಪೇಸ್ಟು ವಿಭೂತಿಯಾಗಿ ಉದುರಿತ್ತು. ಕಾವಲಿಗೆ ಇಟ್ಟವನಿಗೇ ಕಾವು ಮುಟ್ಟುತ್ತಿರಲಿಲ್ಲ. ಒರೆಸಿ ಹೊಸ ಪೇಸ್ಟು ಬಳಿದು ಕ್ಲಿಪ್ಪು ಬಿಗಿದರು, ಎಡಗಡೆ ತೆಪ್ಪಗಾಯಿತು. ತಿರುಪಿನ ತಪ್ಪು ಒಂದಿಷ್ಟೂ ಇರಲಿಲ್ಲ.

ಬಲಗಡೆಯದು ಮಾತ್ರ ತಿರುಪಿನದೇ. ಪ್ರಿಸೆಟ್ಟಿನ ಒಳಗೆ ಹಸಿರು ಕಿಲುಬು. ಸ್ಪ್ರೇ ಹೊಡೆದರೆ ಒಂದು ವಾರ ನಡೆದೀತು, ನೆಂಟಸ್ತನ ಬೆಳೆಸೋದು ಬೇಡ ಎಂದು ಮುಚ್ಚಿದ ಮೈಯ ಹೊಸ ಮಲ್ಟಿಟರ್ನ್ ಪ್ರಿಸೆಟ್ ಹಾಕಿದರು. ನಾಳೆ ಇದೂ ಕೈಕೊಟ್ಟರೆ ಬಯಾಸ್ ಏರದೆ ಇಳಿಯಲಿ ಎಂದು ಪಕ್ಕಕ್ಕೊಂದು ರೆಸಿಸ್ಟರ್ ಬೆಸೆದರು. ಏರಿದರೆ ಔಟ್‌ಪುಟ್ ಸುಟ್ಟು ಹೋಗುತ್ತದೆ. ಇಳಿದರೆ ಕೊಳಲು ಹರಿಯುತ್ತದೆ, ಅಷ್ಟೇ.

ರಿಪೇರಿಯಾದ ಮೇಲೆ ಮೊದಲ ಸಲ ಕರೆಂಟು ಕೊಡುವಾಗ ನಡುವೆ 60 ವ್ಯಾಟಿನ ಬಲ್ಬು ಸೀರೀಸ್ ಹಾಕಿದರು. ಫಕ್ಕನೆ ಹೊತ್ತಿ ಮಂಕಾದರೆ ಕ್ಷೇಮ, ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟು. ಇದಕ್ಕೆ ಫಿಲಮೆಂಟ್ ಬಲ್ಬೇ ಬೇಕು, ಎಲ್‌ಇಡಿ ನಡೆಯುವುದಿಲ್ಲ. ಕೊನೆಯ ಅಳತೆಯನ್ನು ಬಲ್ಬು ತೆಗೆದು ನೇರ ಕರೆಂಟಿನಲ್ಲೇ ಮಾಡಬೇಕು. ಅದಕ್ಕೂ ಕಾದೆವು: ಗೋಡೆಯ ಪ್ಲಗ್ಗಿನಲ್ಲಿ 205 ವೋಲ್ಟ್. ಅಡಿಕೆ ತೋಟಗಳಿಗೆ ತ್ರೀ ಫೇಸ್ ಕೊಟ್ಟಿದ್ದರು, ಪಂಪುಗಳೆಲ್ಲ ಓಡುತ್ತಿದ್ದವು. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕಿದೆ. ನಾವು 230 ವೋಲ್ಟಿಗಾಗಿ ಎರಡನೇ ಕಾಫಿ ಕುಡಿದೆವು.

ಈಗ ರಾತ್ರಿ ಮನೆಯವರು ಮಲಗಿದ ಮೇಲೆ ಕುಣಿಗಲ್ ಕೆರೆಯ ಹಾಡನ್ನು ಆದಷ್ಟೂ ಮೆಲ್ಲಗಿಟ್ಟು ಕೇಳುತ್ತೇನೆ. ಎರಡೂ ಕಡೆ 10 ಮಿಲಿವೋಲ್ಟ್, ಎರಡೂ ಕಡೆ ಉಗುರುಬೆಚ್ಚಗೆ.

ನಿಮ್ಮ ಅಟ್ಟದ ಮೇಲೂ ಇಂಥದ್ದೊಂದು ಇದ್ದರೆ ಎರಡು ಮಾತು. ಪ್ರಿಸೆಟ್ ಮುಟ್ಟುವ ಮೊದಲು ಅದು ಎಲ್ಲಿತ್ತೋ ಅಲ್ಲಿಗೆ ಪೆನ್ನಿನಿಂದ ಒಂದು ಗೆರೆ ಎಳೆದುಕೊಳ್ಳಿ. ಯಾವುದಾದರೂ ಅಂಗಡಿಯ ಮೂಲೆಯಲ್ಲಿ 60 ವ್ಯಾಟಿನ ಹಳೇ ಬಲ್ಬು ಕಂಡರೆ ಎರಡು ಕೊಂಡುಬಿಡಿ. ಗುಬ್ಬಿಯವರ ಹತ್ತಿರ ಉಳಿದಿರುವುದು ಒಂದೇ.